ಖಾಸಗಿ ಪತ್ತೇದಾರನ ಅರ್ಧ ಗಂಟೆ: ಹಳೆಯ ಅಮೆರಿಕನ್ ರೇಡಿಯೊ ಧಾಟಿಯ ನಾಟಕವನ್ನು ನಾನು ಕಟ್ಟುವ ಬಗೆ

1949ರ ಫೆಬ್ರವರಿಯಲ್ಲಿ ಸಿಬಿಎಸ್ ರೇಡಿಯೊ ಜಾಲದಲ್ಲಿ ಶುರುವಾದ ‘ಯುವರ್ಸ್ ಟ್ರೂಲಿ, ಜಾನಿ ಡಾಲರ್’ ಸರಣಿಯ ನಾಯಕ ವಿಮಾ ಕಂಪನಿಗಳ ಪರವಾಗಿ ತನಿಖೆ ಮಾಡುವವನು. ಇಡೀ ಕಂತು ಅವನು ಕಂಪನಿಗೆ ಒಪ್ಪಿಸುವ ಖರ್ಚಿನ ಲೆಕ್ಕ: ಮೊದಲ ಬಾಬ್ತು ಟ್ಯಾಕ್ಸಿ ಬಾಡಿಗೆ, ಎರಡನೆಯದು ರೈಲಿನ ಟಿಕೆಟ್, ನಡುವೆ ಒಂದು ಹೆಣ. ‘ಸ್ಯಾಮ್ ಸ್ಪೇಡ್’ (1946–51) ಸರಣಿಯಲ್ಲಿ ಪತ್ತೇದಾರ ತನ್ನ ಕಾರ್ಯದರ್ಶಿ ಎಫಿಗೆ ವರದಿ ಬರೆಸುತ್ತಾ ಕಥೆ ಬಿಚ್ಚುತ್ತಾನೆ. ಲೆಕ್ಕಪತ್ರವಾಗಲಿ ವರದಿಯಾಗಲಿ, ಈ ಚೌಕಟ್ಟು ಅಲಂಕಾರಕ್ಕೆ ಬಂದದ್ದಲ್ಲ. ಪತ್ತೇದಾರ ಒಮ್ಮೆ ಕೇಳುಗನ ಕಿವಿಯ ಪಕ್ಕದಲ್ಲೇ ಕೂತು ಹೇಳಬೇಕು, ಮರುಕ್ಷಣ ಯಾವುದೋ ಹೋಟೆಲ್ ಕೋಣೆಯಲ್ಲಿ ಇನ್ನೊಬ್ಬನೊಂದಿಗೆ ಮಾತಾಡಬೇಕು. ಈ ಎರಡು ದೂರಗಳನ್ನು ಸರಿಯಾಗಿ ಕೂರಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ. ಉಳಿದ ಸದ್ದು, ಸಂಗೀತ ಎಲ್ಲ ಆಮೇಲೆ.

ಆಗ ಅರ್ಧ ಗಂಟೆಯ ಕಾರ್ಯಕ್ರಮವೆಂದರೆ 29 ನಿಮಿಷ 30 ಸೆಕೆಂಡು. ಪ್ರಾಯೋಜಕರ ಮಾತು, ಶೀರ್ಷಿಕೆ ಸಂಗೀತ, ಕಲಾವಿದರ ಹೆಸರುಗಳನ್ನು ಕಳೆದರೆ ನಾಟಕಕ್ಕೆ ಉಳಿಯುವುದು 24–25 ನಿಮಿಷ. ನಾನು 24ಕ್ಕೆ ಬರೆಯುತ್ತೇನೆ. ಕನ್ನಡದಲ್ಲಿ ಬರೆದರೆ ಸದ್ದಿನ ಸೂಚನೆಗಳನ್ನು ಬಿಟ್ಟು ಸುಮಾರು 2,200 ಪದ. ಇದಕ್ಕಿಂತ ಹೆಚ್ಚಾದರೆ ನಟರು ಓಡುತ್ತಾರೆ, ಮೌನಕ್ಕೆ ಜಾಗವೇ ಇರುವುದಿಲ್ಲ. ಪತ್ತೇದಾರಿ ನಾಟಕದಲ್ಲಿ ಮೌನ ತಪ್ಪಿದರೆ ಭಯವೂ ತಪ್ಪುತ್ತದೆ.

ಪಾತ್ರಗಳು ಐದೇ ಇರಲಿ, ಆರನೆಯದು ಬೇಡ. ಮುಖ ಕಾಣದಿರುವಾಗ ಗಂಡಸರ ಎರಡು ನಡುದನಿಗಳು ಒಂದೇ ದೃಶ್ಯದಲ್ಲಿ ಬಂದರೆ ಕೇಳುಗ ಅರ್ಧ ನಿಮಿಷದಲ್ಲಿ ದಾರಿ ತಪ್ಪುತ್ತಾನೆ. ಶಾರೀರ ಬೇರೆ, ವೇಗ ಬೇರೆ, ಹೆಸರಿನ ಮೊದಲ ಅಕ್ಷರವೂ ಬೇರೆಯಾಗಿರಬೇಕು. ಸಂಶಯಕ್ಕೆ ಒಳಗಾಗುವವರು ಮೂವರು ಸಾಕು. ಸುಳಿವನ್ನು ಎರಡು ಸಲ ಇಡುತ್ತೇನೆ: ಒಮ್ಮೆ ಸದ್ದಾಗಿ, ಇನ್ನೊಮ್ಮೆ ಬೇರೆ ಯಾವುದೋ ವಿಷಯದ ನಡುವೆ ಮಾತಾಗಿ. ಪುಸ್ತಕದವನು ಪುಟ ಹಿಂದೆ ತಿರುವಬಹುದು, ರೇಡಿಯೊದವನಿಗೆ ಆ ಭಾಗ್ಯವಿಲ್ಲ.

ನಿರೂಪಣೆಯಲ್ಲಿ ಒಂದು ಕಟ್ಟುನಿಟ್ಟು: ಕೇಳಿಸುವುದನ್ನು ಹೇಳಬಾರದು. ‘ಬಾಗಿಲು ತೆರೆದೆ’ ಎಂದು ಹೇಳಿ ಮೇಲೆ ಬಾಗಿಲಿನ ಸದ್ದನ್ನೂ ಹಾಕುವುದು ದಂಡ. ಆದರೆ ಮಳೆ, ಬೆಂಕಿ, ಬಾಣಲೆಯಲ್ಲಿ ಕಾಯುವ ಎಣ್ಣೆ, ಇವು ಮೂರೂ ಮೈಕಿನಲ್ಲಿ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಸದ್ದು ಬರುವ ಮೊದಲೇ ಮಾತಿನಲ್ಲಿ ಅದಕ್ಕೆ ನೆಲ ಹದ ಮಾಡಬೇಕು. ‘ಕೋಟು ಹಿಂಡಿದರೆ ಒಂದು ಬಕೆಟ್ ನೀರು ಬರುತ್ತೆ’ ಎಂದು ಯಾರಾದರೂ ಗೊಣಗಿದ ಮೇಲೆ ಯಾವ ಸರಸರವೂ ಮಳೆಯೇ. ನಿರೂಪಣೆಯ ಕೊನೆಯ ವಾಕ್ಯ ‘...ಇತ್ತು’, ‘...ದೆ’ ಎಂದು ಮೆತ್ತಗೆ ಮುಗಿದರೆ ದೃಶ್ಯಕ್ಕೆ ಜಿಗಿಯುವ ಜೋರು ಸಿಗುವುದಿಲ್ಲ. ಅಲ್ಲಿ ವಾಕ್ಯವನ್ನು ತಿರುಗಿಸಿ, ವಸ್ತುವಿನ ಹೆಸರು ಕೊನೆಗೆ ಬರುವಂತೆ ಮಾಡುತ್ತೇನೆ: ‘ಮೇಜಿನ ಮೇಲಿದ್ದದ್ದು ಎರಡು ಲೋಟ.’

ಇನ್ನು ಮೈಕು. ಆ ಕಾಲದ ಸ್ಟುಡಿಯೊಗಳಲ್ಲಿದ್ದದ್ದು ಒಳಗೆ ತೆಳ್ಳನೆಯ ಲೋಹದ ಪಟ್ಟಿಯಿರುವ, ಆರ್‌ಸಿಎ 44 ಥರದ ರಿಬ್ಬನ್ ಮೈಕು. ಅದು ಮುಂದೆ ಮತ್ತು ಹಿಂದೆ ಕೇಳುತ್ತದೆ, ಎರಡು ಬದಿಯಲ್ಲಿ ಕಿವುಡು. ನಟರು ಎದುರುಬದುರು ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಾ ಮಾತಾಡಬಹುದು. ಪಾತ್ರ ಹೊರಗೆ ಹೋಗಬೇಕಾದರೆ ಮಾತಾಡುತ್ತಲೇ ಬದಿಗೆ ಎರಡು ಹೆಜ್ಜೆ ಸರಿದರೆ ಸಾಕು, ಧ್ವನಿ ಕರಗುತ್ತದೆ. ಫೇಡರ್ (ಧ್ವನಿಮಟ್ಟ ಏರಿಳಿಸುವ ಗುಂಡಿ) ಇಳಿಸಿ ಕರಗಿಸಿದರೆ ಧ್ವನಿ ಸಣ್ಣದಾಗುತ್ತದೆ ಅಷ್ಟೆ, ದೂರವಾಗುವುದಿಲ್ಲ. ಈಗಿನ ಅಗ್ಗದ ರಿಬ್ಬನ್ ಮೈಕುಗಳಲ್ಲೂ ಈ ಗುಣ ಹಾಗೇ ಇದೆ. ಮೈಕಿನ ಸಣ್ಣ ದನಿಯನ್ನು 60 ಡಿಬಿಯಷ್ಟು (ಡೆಸಿಬೆಲ್) ಏರಿಸುವ, ಗುಯ್‌ಗುಡದ ಪ್ರೀಆಂಪ್ ಬೇಕು. ಕೇಬಲಿನ ಮೂಲಕ ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟಿನ ಫ್ಯಾಂಟಮ್ ಬಂದ್ ಮಾಡಿಟ್ಟೇ ಕೇಬಲ್ ಸಿಕ್ಕಿಸಿ. ಅದು ಚಾಲೂ ಇದ್ದು ಕೇಬಲ್ ಕೆಟ್ಟಿದ್ದರೆ ರಿಬ್ಬನ್ ಹರಿಯುವುದುಂಟು. ಮೈಕಿಗೆ ಬಾಯಿಂದ ಊದಿ ಪರೀಕ್ಷಿಸುವವರನ್ನು ಸ್ಟುಡಿಯೊದೊಳಗೆ ಬಿಡಬೇಡಿ.

ನನ್ನ ದೂರಗಳು ಹೀಗಿವೆ. ನಿರೂಪಣೆಗೆ 25 ಸೆಂ.ಮೀ., ಬಾಯಿ ಮೈಕಿಗೆ ನೇರವಾಗಿರದೆ ತುಸು ಓರೆಯಾಗಿ, ಧ್ವನಿ ತಗ್ಗಿಸಿ. ದೃಶ್ಯದ ಮಾತಿಗೆ 60–70 ಸೆಂ.ಮೀ., ಸಹಜ ಧ್ವನಿಯಲ್ಲಿ. ಕೋಣೆಯ ಆಚೆ ತುದಿಯಿಂದ ಕೂಗುವವನು ಮೈಕಿನಿಂದ 2 ಮೀಟರ್ ಆಚೆ, ಗೋಡೆಯ ಕಡೆ ಮುಖ. ರಿಬ್ಬನ್ ಮೈಕಿಗೆ ಹತ್ತಿರವಾದಷ್ಟೂ ಮಂದ್ರ ಉಬ್ಬುತ್ತದೆ. 25ಕ್ಕಿಂತ ಒಳಗೆ ಬಂದರೆ ಪತ್ತೇದಾರ ಹಂಡೆಯೊಳಗಿಂದ ಮಾತಾಡಿದಂತಿರುತ್ತದೆ. 80 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಕತ್ತರಿಸುತ್ತೇನೆ, ಆದರೂ ಉಬ್ಬು ಪೂರ್ತಿ ಹೋಗುವುದಿಲ್ಲ. ಅದು ಸ್ವಲ್ಪ ಇರಲಿ, ನಿರೂಪಕ ಕಿವಿಯ ಹತ್ತಿರ ಇದ್ದಾನೆ ಅನ್ನಿಸುವುದೇ ಅದರಿಂದ.

ನಿರೂಪಣೆಯಿಂದ ದೃಶ್ಯಕ್ಕೆ ದಾಟುವಾಗ ನಾಯಕ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಆ ಹೆಜ್ಜೆಗೆ ಬೇಕಾದ ಒಂದೂವರೆ ಸೆಕೆಂಡನ್ನು ಬಾಗಿಲೋ ಫೋನೋ ತುಂಬಬೇಕು. ನಿರೂಪಣೆಯನ್ನೆಲ್ಲ ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಅಂಟಿಸಿದರೆ ನಟನ ಉಸಿರು ಒಂದಕ್ಕೊಂದು ಕೂಡುವುದಿಲ್ಲ. ಅಂಕವನ್ನು ಒಂದೇ ಓಟದಲ್ಲಿ ತೆಗೆಯುವುದೇ ಲೇಸು. ಆಗಿನವರು ಪೂರ್ವ ಕರಾವಳಿಗೊಮ್ಮೆ, ಪಶ್ಚಿಮಕ್ಕೊಮ್ಮೆ ಇಡೀ ನಾಟಕವನ್ನೇ ನೇರ ಪ್ರಸಾರದಲ್ಲಿ ಎರಡು ಸಲ ಆಡುತ್ತಿದ್ದ ಕಾಲವೂ ಇತ್ತು. 1940ರ ದಶಕದ ಕೊನೆಗೆ ಟೇಪು ಬಂದ ಮೇಲೆ ಆ ಪಾಡು ತಪ್ಪಿತು. ಹಾಳೆಗೆ ಸ್ಟೇಪ್ಲರ್ ಹೊಡೆಯಬೇಡಿ; ಬಿಡಿ ಹಾಳೆಯಲ್ಲಿ, ಒಂದೇ ಬದಿಗೆ ಮುದ್ರಿಸಿ. ಓದಿ ಮುಗಿದ ಹಾಳೆ ಕೆಳಗೆ ಹಾಸಿದ ಕಂಬಳಿಯ ಮೇಲೆ ಬೀಳಲಿ.

ಸದ್ದುಗಳಿಗೆ ಬೇರೆ ಮೈಕು, ನಟರ ಮೈಕಿನಿಂದ ಕನಿಷ್ಠ 3 ಮೀಟರ್ ದೂರ, ಅದರ ಕಿವುಡು ಬದಿಯಲ್ಲಿ. ಹೆಜ್ಜೆಗಳಿಗೆ ಚರ್ಮದ ಅಟ್ಟೆಯ ಬೂಟೇ ಬೇಕು, ರಬ್ಬರು ಕೇಳಿಸುವುದೇ ಇಲ್ಲ. 60×90 ಸೆಂ.ಮೀ. ಪ್ಲೈವುಡ್ ಹಲಗೆ ಒಂದು, ಕಡಪ ಕಲ್ಲು ಒಂದು, ಜಲ್ಲಿ ತುಂಬಿದ ತಟ್ಟೆ ಒಂದು. ನಿಂತಲ್ಲೇ ನಡೆಯಬೇಕು, ಹಿಮ್ಮಡಿ ಮೊದಲು, ಬೆರಳು ಆಮೇಲೆ. ಮೆಟ್ಟಿಲು ಹತ್ತುವವನ ಹಿಮ್ಮಡಿ ನೆಲ ಮುಟ್ಟುವುದಿಲ್ಲ, ಬೆರಳಿನ ಕಡೆಯಷ್ಟೇ ಬಡಿಯುತ್ತದೆ. ಬಾಗಿಲಿಗೆ ಚಿಲಕ, ಬೀಗ, ಹಿಡಿ ಎಲ್ಲವೂ ಇರುವ ಪುಟ್ಟ ಬಾಗಿಲನ್ನೇ ಚೌಕಟ್ಟಿನೊಂದಿಗೆ ಮಾಡಿಸಿಕೊಳ್ಳಿ. ಚೌಕಟ್ಟು ಹಗುರವಾದರೆ ಪೆಟ್ಟಿಗೆ ಮುಚ್ಚಿದಂತೆ ಕೇಳುತ್ತದೆ. ಬುಡಕ್ಕೆ ಎರಡು ಮರಳಿನ ಚೀಲ ಹೇರಿ. ಆ ಕಾಲದ ಭಾರಿ ಕಾರಿನ ಬಾಗಿಲಿಗೆ ಈಗಿನ ಸಣ್ಣ ಕಾರು ಆಗದು. ಒಳಗೆ ಬಟ್ಟೆ ಒತ್ತೊತ್ತಾಗಿ ತುಂಬಿದ ಉಕ್ಕಿನ ಬೀರುವಿನ ಬಾಗಿಲು ಚೆನ್ನಾಗಿ ಒಪ್ಪುತ್ತದೆ.

ಫೋನಿನಲ್ಲಿ ನಮ್ಮವರೆಲ್ಲ ಎಡವುವ ಜಾಗ ಒಂದಿದೆ. ಕಥೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಯುತ್ತಿದ್ದರೆ ಗಂಟೆ 2 ಸೆಕೆಂಡು ಬಾರಿಸಿ 4 ಸೆಕೆಂಡು ಸುಮ್ಮನಿರಬೇಕು. ನಮ್ಮ ಹಳೆಯ ಫೋನಿನ ‘ಟ್ರಿಣ್-ಟ್ರಿಣ್’ ಜೋಡಿ ಗಂಟೆ ಹಾಕಿದರೆ ಕಥೆ ಅಲ್ಲೇ ಊರು ಬದಲಿಸುತ್ತದೆ. ಆ ಕಡೆಯ ಧ್ವನಿಗೆ 400 ಹರ್ಟ್ಸ್‌ನ ಕೆಳಗಿನದ್ದು, 3,000ದ ಮೇಲಿನದ್ದು ಕತ್ತರಿಸಿ, ಒಂದು ಚೂರು ಒರಟು ಸೇರಿಸುತ್ತೇನೆ. ಇದನ್ನು ರೆಕಾರ್ಡಿಂಗ್ ನಡೆಯುವಾಗಲೇ ಮಾಡಿ, ಹೆಡ್‌ಫೋನಿನಲ್ಲಿ ಎದುರು ನಟನಿಗೂ ಕೇಳಿಸಿ. ಕೇಳಿಸಿಕೊಂಡವನು ತಾನಾಗಿ ಫೋನಿನಲ್ಲಿ ಮಾತಾಡುವವನಂತೆ ಮಾತಾಡುತ್ತಾನೆ.

ಗುಂಡಿನ ಸದ್ದು ಎಲ್ಲಕ್ಕಿಂತ ಕಷ್ಟ. ಪಟಾಕಿ ಬೇಡ: ಮೈಕು ತುಂಬಿ ಹೋಗಿ ‘ಟಪ್’ ಅಂತಷ್ಟೇ ಬರುತ್ತದೆ, ಲಿಮಿಟರ್ (ಜೋರು ಸದ್ದನ್ನು ತಗ್ಗಿಸುವ ಸಾಧನ) ಅದರ ಬೆನ್ನಿಗೇ ಬರುವ ಮಾತನ್ನೂ ನುಂಗುತ್ತದೆ. ಚರ್ಮದ ದಪ್ಪ ದಿಂಬನ್ನು ಮರದ ಮೇಜಿನ ಮೇಲಿಟ್ಟು ತೆಳ್ಳನೆಯ ಬೆತ್ತದಿಂದ ಚಟ್ಟನೆ ಹೊಡೆಯಿರಿ, ಮೈಕು 2 ಮೀಟರ್ ದೂರದಲ್ಲಿರಲಿ. ಗುಂಡು ಅನ್ನಿಸುವುದು ಏಟಿನಿಂದಲ್ಲ, ಕೋಣೆಯ ಮರುದನಿಯಿಂದ. ಹಾಗಾಗಿ ಇದೊಂದನ್ನು ಮಾತ್ರ ಬರಿಯ ಗೋಡೆಯಿರುವ ಕೋಣೆಯಲ್ಲಿ ಮಾಡಬೇಕು. ಆಮೇಲೆ ಒಂದು ಸೆಕೆಂಡು ಯಾರೂ ಉಸಿರೆತ್ತಬಾರದು. ಹೆಣ ಬೀಳುವ ಸದ್ದಿಗೆ, ಮೊದಲು ಮೊಣಕಾಲು, ಆಮೇಲೆ ಮುಂಗೈ, ಕೊನೆಗೆ ಅಂಗೈ, ಈ ಕ್ರಮದಲ್ಲಿ ಹಲಗೆಗೆ. ಮೂರೂ ಒಟ್ಟಿಗೆ ಬಿದ್ದರೆ ಮೂಟೆ ಇಳಿಸಿದಂತಾಗುತ್ತದೆ. ಕಂತಿಗೊಮ್ಮೆ ನಾಯಕನ ತಲೆಗೆ ಹಿಂದಿನಿಂದ ಏಟು ಬೀಳುವುದು ಈ ಸರಣಿಗಳಲ್ಲಿ ಸಂಪ್ರದಾಯವೇ ಆಗಿತ್ತು. ಅದಕ್ಕೆ ಎಲೆಕೋಸು ಸಾಕು.

ದೃಶ್ಯಗಳ ನಡುವಿನ ಸಂಗೀತ 5ರಿಂದ 8 ಸೆಕೆಂಡು, ಆರ್ಗನ್ ಒಂದೇ ಆದರೂ ನಡೆಯುತ್ತದೆ. ಹಾರ್ಮೋನಿಯಂ ಹೊಂದುವುದಿಲ್ಲ, ತಿದಿಯ ಉಸಿರು ಕೇಳಿ ಭಜನೆ ನೆನಪಾಗುತ್ತದೆ. ಸಂಗೀತ ನಿರೂಪಣೆಯ ಮೊದಲ ಪದದ ಕೆಳಗೆ ಸರಿಯಬೇಕು, ಮುಗಿದ ಮೇಲೆ ಮಾತು ಶುರುವಾಗಬಾರದು.

ರೆಕಾರ್ಡಿಂಗಿನ ಸರಾಸರಿ ಮಟ್ಟ -18, ತುದಿ -6 ಡಿಬಿಗೆ ನಿಲ್ಲಲಿ. ಹಳೆಯದೆನ್ನಿಸಲೆಂದು ಗೀರು, ಕರಕರ ಸೇರಿಸುವ ಚಟ ಕೆಲವರಿಗಿದೆ. ಅದು ಪ್ರಸಾರವನ್ನು ದಾಖಲಿಸಿಟ್ಟ 16 ಇಂಚಿನ ಡಿಸ್ಕುಗಳು ಸವೆದು ಬಂದ ಗದ್ದಲ, ಅಂದಿನ ಕೇಳುಗರು ಕೇಳಿದ್ದಲ್ಲ.

ಕಾಲ ಹೊಂದಿಸಲು ತಾಲೀಮಿನಲ್ಲೇ ಕೊನೆಯ ಮೂರು ಪುಟಗಳನ್ನು ಸ್ಟಾಪ್‌ವಾಚಿನಲ್ಲಿ ಅಳೆದು, ಅವು ಎಷ್ಟು ಹೊತ್ತಿಗೆ ಶುರುವಾಗಬೇಕೆಂದು ಅಂಚಿನಲ್ಲಿ ಬರೆದಿಡಿ. ನಡುವಿನ ಪುಟಗಳಲ್ಲಿ ಬಿಟ್ಟರೂ ನಡೆಯುವ ನಾಲ್ಕಾರು ಮಾತುಗಳಿಗೆ ಪೆನ್ಸಿಲಿನಲ್ಲಿ ಕಟ್ಟು ಹಾಕಿ. ಖರ್ಚಿನ ಪಟ್ಟಿಯ ಚೌಕಟ್ಟು ಇಲ್ಲಿ ಮತ್ತೆ ಕೈ ಹಿಡಿಯುತ್ತದೆ: 20 ಸೆಕೆಂಡು ಹೆಚ್ಚಾದರೆ ಊಟದ ಬಿಲ್ಲನ್ನು ಬಿಟ್ಟುಬಿಡಬಹುದು, ಕಡಿಮೆಯಾದರೆ ಒಂದು ವಿಸ್ಕಿ, ಒಂದು ಹೊಸ ಟೋಪಿ ಲೆಕ್ಕಕ್ಕೆ ಸೇರಿಸಬಹುದು. ಒಟ್ಟು ಮೊತ್ತವನ್ನು ಓದುವವನ ಕೈಯಲ್ಲಿ, ಬಿಟ್ಟರೆ ಎಷ್ಟು, ಸೇರಿಸಿದರೆ ಎಷ್ಟು ಎಂದು ಎರಡೂ ಅಂಕಿ ಬರೆದ ಹಾಳೆ ಇರಲಿ.