ಹಳೆ ನಾಣ್ಯ: ಕೊಳೆ ತೆಗೆಯಿರಿ, ಬಣ್ಣ ಬಿಟ್ಟುಬಿಡಿ

ಕಪ್ಪಾದ ನಾಣ್ಯ ಕೈಗೆ ಸಿಕ್ಕರೆ ತುಂಬಾ ಜನ ಮೊದಲು ಹುಡುಕುವುದು ಟೂತ್‌ಪೇಸ್ಟ್ ಮತ್ತು ಹಳೆ ಬ್ರಷ್. ಎರಡನ್ನೂ ಇದ್ದಲ್ಲೇ ಬಿಡಿ. ಪೇಸ್ಟ್‌ನ ನುಣುಪು ಪುಡಿ ಲೋಹವನ್ನು ಗೀರುತ್ತದೆ. ಭೂತಗನ್ನಡಿ ಹಿಡಿದು, ನಾಣ್ಯವನ್ನು ಬೆಳಕಿಗೆ ಸ್ವಲ್ಪ ವಾಲಿಸಿ ನೋಡಿ, ಕೂದಲೆಳೆಯಂಥ ಗೆರೆಗಳು ಎದ್ದು ಕಾಣುತ್ತವೆ. ಅವು ಮತ್ತೆ ಹೋಗುವುದಿಲ್ಲ. ನಾಣ್ಯದ ಬೆಲೆಯೂ ಬಿತ್ತು ಅಂತಲೇ ಲೆಕ್ಕ.

ನಾನು ತೆಗೆಯುವುದು ನಾಣ್ಯದ ಮೇಲೆ ಕೂತ ಮಣ್ಣು, ಬೆವರು, ಜಿಡ್ಡು ಇಷ್ಟನ್ನೇ. ತಾಮ್ರದ ಕಂದು, ಬೆಳ್ಳಿಯ ಕಪ್ಪು ಹಾಗಲ್ಲ. ಅದು ಆ ಲೋಹವೇ ಗಾಳಿಗೆ ಬದಲಾಗಿ ಆದ ಪದರ. ಅದನ್ನು ಕಿತ್ತರೆ ನಾಣ್ಯವನ್ನೇ ಒಂದಿಷ್ಟು ಸವೆಸಿದ ಹಾಗೆ, ಅಲ್ವಾ?

ಒಂದು ಬಟ್ಟಲಿನ ತಳಕ್ಕೆ ಮೆತ್ತನೆ ಬಟ್ಟೆ ಹಾಸಿ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ನಾಣ್ಯವನ್ನು ಅಂಚಿನಲ್ಲೇ ಹಿಡಿದು ಒಳಗೆ ಬಿಡಿ. ಒಂದು ಸಲಕ್ಕೆ ಒಂದೇ ನಾಣ್ಯ. ರಾಶಿ ಹಾಕಿದರೆ ಒಂದಕ್ಕೊಂದು ತಿಕ್ಕಿ ಗೀರು ಬೀಳುತ್ತದೆ. ಮಣ್ಣು ಗಟ್ಟಿಯಾಗಿದ್ದರೆ ರಾತ್ರಿಯಿಡೀ ನೆನೆಯಲಿ, ಅವಸರವೇನೂ ಇಲ್ಲ. ಸಡಿಲವಾದದ್ದನ್ನು ಬೆರಳ ತುದಿಯಿಂದ ಜಾರಿಸಿ. ಕೊನೆಗೆ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ತೆಗೆಯಿರಿ. ನಲ್ಲಿ ನೀರು ಒಣಗಿದ ಮೇಲೆ ಕಲೆ ಬಿಡುತ್ತದೆ. ಬಟ್ಟೆಯಿಂದ ಒತ್ತಿ ಒಣಗಿಸಿ, ಉಜ್ಜಬೇಡಿ.

ಮೆತ್ತನೆ ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆ ಇದ್ದ ನಾಣ್ಯಕ್ಕೆ ಕೆಲವೊಮ್ಮೆ ಹಸಿರು ಅಂಟು ಹಿಡಿದಿರುತ್ತದೆ. ಅದು ಆ ಚೀಲದ ಪಿವಿಸಿ ಪ್ಲಾಸ್ಟಿಕ್‌ನ ಕಾಟ. ಸೋಪಿಗೆ ಬಗ್ಗುವುದಿಲ್ಲ, ಶುದ್ಧ ಅಸಿಟೋನ್ ಬೇಕು. ಬಣ್ಣ, ವಾಸನೆ ಬೆರೆಸಿದ ನೇಲ್ ಪಾಲಿಷ್ ರಿಮೂವರ್ ಬೇಡ. ಗಾಜಿನ ಬಟ್ಟಲು ತೆಗೆದುಕೊಳ್ಳಿ, ಕಿಟಕಿ ತೆರೆದಿಡಿ. ಹತ್ತಿರದಲ್ಲಿ ಬೆಂಕಿ ಇರಲೇಬಾರದು, ಅದರ ಆವಿಗೆ ತಟ್ಟನೆ ಹತ್ತಿಕೊಳ್ಳುತ್ತದೆ.

ವಿನೆಗರ್, ಉಪ್ಪು ಹಾಕಿದರೆ ತಾಮ್ರ ಫಳಫಳ ಹೊಳೆಯುತ್ತದೆ, ನಿಜ. ಮಕ್ಕಳಿಗೆ ತೋರಿಸಲು ಚಿಲ್ಲರೆ ನಾಣ್ಯದ ಮೇಲೆ ಮಾಡಿ, ಖುಷಿಪಡಲಿ. ಆದರೆ ಆ ಗುಲಾಬಿ ಹೊಳಪನ್ನು ನೋಡಿದ ಕೂಡಲೇ ನಾಣ್ಯವನ್ನು ತೊಳೆದಿದ್ದಾರೆಂದು ತಿಳಿದವರಿಗೆ ಗೊತ್ತಾಗುತ್ತದೆ. ಸರಿಯಾಗಿ ತೊಳೆಯದಿದ್ದರೆ ಮತ್ತೆ ಕಿಲುಬು ಹಿಡಿಯುವುದೂ ಬೇಗ. ಅದೇ ನೀರಿಗೆ ಬೆಳ್ಳಿ ಬಣ್ಣದ ನಾಣ್ಯ ಮಾತ್ರ ಹಾಕಬೇಡಿ, ತಾಮ್ರದ ಕೆಂಪು ಅದಕ್ಕೂ ಹತ್ತಬಹುದು.

ಕನ್ನಡಿಯಂತೆ ಹೊಳೆಯುವ ಪ್ರೂಫ್ ನಾಣ್ಯವನ್ನು, ಅಂದರೆ ಸಂಗ್ರಹಕಾರರಿಗೆಂದೇ ವಿಶೇಷವಾಗಿ ಅಚ್ಚು ಹಾಕಿದ್ದನ್ನು, ಮುಟ್ಟಲೇಬೇಡಿ. ಕಂಚಿನ ಮೇಲೆ ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ಕೊಳೆಯಲ್ಲ, ಲೋಹ ಒಳಗಿನಿಂದ ತಿನ್ನಿಸಿಕೊಳ್ಳುತ್ತಿದೆ. ಆ ನಾಣ್ಯವನ್ನು ಒಣಗಿದ ಡಬ್ಬಿಯಲ್ಲಿ ಬೇರೆಯೇ ಇಟ್ಟು, ತಿಳಿದವರಿಗೆ ತೋರಿಸಿ.