ಗುಳೆ ಹೋಗುವ ಮನೆಯಲ್ಲಿ ಉಳಿಯುವ ಮಕ್ಕಳ ಮನಸ್ಸನ್ನು ಕಾಯುವುದು ಹೇಗೆ

ದೀಪಾವಳಿ ಕಳೆಯಿತೆಂದರೆ ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಊರುಗಳಲ್ಲಿ ಒಂದೊಂದೇ ಮನೆ ಗುಳೆ ಹೊರಡಲು ಗಂಟುಮೂಟೆ ಕಟ್ಟತೊಡಗುತ್ತದೆ. ಬೆಂಗಳೂರಿನ ಗೌಂಡಿ ಕೆಲಸಕ್ಕೆ ಹೋಗುವ ತಾಯಿಯ ಬಗಲಲ್ಲಿ ಹಾಲುಗೂಸು ಹೋಗುತ್ತದೆ. ಶಾಲೆಗೆ ಹೋಗುವ ಮಕ್ಕಳು ಅಜ್ಜ-ಅಜ್ಜಿಯರ ಬಳಿ ಉಳಿಯುತ್ತಾರೆ. ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಇಂಥ ಮಕ್ಕಳಿಗೆ ಬಹಳ ವರ್ಷಗಳಿಂದ ಪಾಠ ಹೇಳುತ್ತಿರುವ ನಾನು, ಮನೆಯವರು ಏನು ಮಾಡಿದರೆ ಮಗು ಆ ನಾಲ್ಕಾರು ತಿಂಗಳನ್ನು ಕುಗ್ಗದೆ ಕಳೆಯುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುಳೆ ಹೋಗುವುದು ಹೊಟ್ಟೆಪಾಡು, ಅದರಲ್ಲಿ ತಪ್ಪು ಹುಡುಕುವ ಅಧಿಕಾರ ಯಾರಿಗೂ ಇಲ್ಲ. ಆದರೆ ಹೋಗುವ ರೀತಿಯಲ್ಲಿ ಬಹಳಷ್ಟು ನಮ್ಮ ಕೈಯಲ್ಲೇ ಇದೆ.

ಮೊದಲನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು: ಮಗು ಮಲಗಿದ್ದಾಗ ಹೇಳದೆ ಹೊರಡಬೇಡಿ. ಅಳುವುದನ್ನು ನೋಡಲಾಗದು ಎಂಬ ಸಂಕಟದಿಂದಲೇ ತಾಯಂದಿರು ಹೀಗೆ ಮಾಡುತ್ತಾರೆ, ಅದು ನನಗೆ ಅರ್ಥವಾಗುತ್ತದೆ. ನಮ್ಮ ಶಾಲೆಯ ಎರಡನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳು ನಿದ್ದೆಯಲ್ಲಿದ್ದಾಗ ಅವ್ವ-ಅಪ್ಪ ನಸುಕಿನ ಬಸ್ಸು ಹತ್ತಿದ್ದರು. ಆಮೇಲೆ ಆ ಮಗು ರಾತ್ರಿ ಮಲಗುವ ಮುಂಚೆ ಅಜ್ಜಿಯ ಸೀರೆಯ ಸೆರಗನ್ನು ತನ್ನ ಮುಂಗೈಗೆ ಗಂಟು ಹಾಕಿಕೊಳ್ಳುತ್ತಿತ್ತು. ಅಜ್ಜಿ ನೀರು ಕುಡಿಯಲು ಎದ್ದರೂ ಗಂಟು ಎಳೆದು ಅವಳಿಗೆ ಎಚ್ಚರವಾಗುತ್ತಿತ್ತು. ತಾನು ಕಣ್ಣು ಮುಚ್ಚಿದರೆ ಮನೆಯವರು ಹೋಗಿಬಿಡುತ್ತಾರೆ ಎಂದು ಆ ಮಗು ತಿಳಿದುಕೊಂಡಿತ್ತು. ತರಗತಿಯಲ್ಲಿ ತೂಕಡಿಸುವ ಅವಳನ್ನು ಮೊದಲ ವಾರ ನಾನೂ ಸೋಮಾರಿ ಎಂದುಕೊಂಡಿದ್ದೆ. ಆ ವಾರವನ್ನು ನೆನೆದರೆ ಈಗಲೂ ನನ್ನ ಮನಸ್ಸು ಮುದುಡುತ್ತದೆ.

ಆದ್ದರಿಂದ ಹೊರಡುವುದಕ್ಕೆ ಒಂದು ವಾರ ಮುಂಚೆಯೇ ಮಗುವನ್ನು ಹತ್ತಿರ ಕೂರಿಸಿಕೊಂಡು ಹೇಳಿ. ಹೇಳುವ ಮಾತು ಚಿಕ್ಕದಾಗಿರಲಿ, ನಿಜವಾಗಿರಲಿ: "ನಾನು, ನಿಮ್ಮಪ್ಪ ಸೋಮವಾರ ಬೆಂಗಳೂರಿಗೆ ದುಡಿಯಾಕ ಹೊಂಟೀವಿ. ನೀನು ಅಜ್ಜಿ ಹತ್ರ ಇರ್ತಿ. ದಿನಾ ರಾತ್ರಿ ಫೋನ್ ಮಾಡ್ತೀವಿ. ಯುಗಾದಿಗೆ ಬರ್ತೀವಿ." ಐದಾರು ವರ್ಷದ ಮಗುವಿಗೆ ನಾಲ್ಕು ತಿಂಗಳು ಎಂದರೆ ತಿಳಿಯುವುದಿಲ್ಲ, ಹಬ್ಬ ತಿಳಿಯುತ್ತದೆ. ಎಳ್ಳಮಾವಾಸ್ಯೆ, ಗವಿಸಿದ್ಧೇಶ್ವರ ಜಾತ್ರೆ, ಹೋಳಿ, ಯುಗಾದಿ ಎಂದು ಹಬ್ಬಗಳನ್ನು ಬೆರಳು ಮಡಿಸಿ ಎಣಿಸಿ ತೋರಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರುವ ದಿನಕ್ಕೆ ಮಗುವಿನ ಕೈಯಿಂದಲೇ ಗುರುತು ಹಾಕಿಸಿ. ದಿನ ಖಚಿತವಿಲ್ಲದಿದ್ದರೆ ಖಚಿತವಿಲ್ಲ ಎಂದೇ ಹೇಳಿ. "ನಾಳೆ ಬರ್ತೀನಿ, ಬರುವಾಗ ಸೈಕಲ್ ತರ್ತೀನಿ" ಎಂಬ ಮಾತು ಆ ಹೊತ್ತಿನ ಅಳುವನ್ನು ನಿಲ್ಲಿಸಿದರೂ ಮುಂದೆ ನೀವು ಹೇಳುವ ನಿಜವನ್ನೂ ಮಗು ನಂಬದಂತೆ ಮಾಡುತ್ತದೆ. ಹೊರಡುವ ಹೊತ್ತಿನಲ್ಲಿ ಮಗು ಅತ್ತರೆ ಅಳಲಿ. ಆ ಅಳು ಅಜ್ಜಿಯ ತೊಡೆಯ ಮೇಲೆ ಮುಗಿಯಬೇಕು ಅಷ್ಟೆ. ಅವ್ವನ ಹಳೆಯ ಸೀರೆಯ ಒಂದು ತುಂಡನ್ನು ಹಾಸಿಗೆಯಲ್ಲಿ ಬಿಟ್ಟುಹೋಗಿ. ಅದನ್ನು ಒಗೆಯಲು ಯಾರೂ ಅವಸರ ಮಾಡದಿರಲಿ.

ಇನ್ನು ಫೋನಿನ ವಿಷಯ. ದಿನಕ್ಕೆ ನಾಲ್ಕು ಸಲ ಮಾಡಿ ಆಮೇಲೆ ಮೂರು ದಿನ ಮಾಡದಿರುವುದಕ್ಕಿಂತ, ದಿನವೂ ಒಂದೇ ಹೊತ್ತಿಗೆ ಐದು ನಿಮಿಷ ಮಾತಾಡುವುದು ಒಳ್ಳೆಯದು. ಊಟದ ನಂತರ, ಮಲಗುವ ಮುಂಚೆ ಇಟ್ಟುಕೊಂಡರೆ ಮಗುವಿಗೆ ದಿನದ ಕೊನೆಗೊಂದು ಆಸರೆ ಸಿಗುತ್ತದೆ. ಕರೆನ್ಸಿ ಮುಗಿಯುವ ಮುಂಚೆಯೇ ಹಾಕಿಸಿಕೊಳ್ಳಿ, ಫೋನ್ ಮಾಡಲಾಗದ ದಿನವಿದ್ದರೆ ಹಿಂದಿನ ರಾತ್ರಿಯೇ ತಿಳಿಸಿಡಿ. "ಉಂಡಿಯಾ? ಸಾಲಿಗೆ ಹೋಗಿದ್ಯಾ?" ಎಂಬ ಎರಡು ಪ್ರಶ್ನೆಗಳಿಗೆ ಮಗು ಹೂಂ ಎಂದು ಸುಮ್ಮನಾಗುತ್ತದೆ. ಅದರ ಬದಲು ನೀವು ಕಟ್ಟುತ್ತಿರುವ ಕಟ್ಟಡ ಈಗ ಎಷ್ಟನೆಯ ಅಂತಸ್ತಿಗೆ ಬಂದಿದೆ, ಶೆಡ್ಡಿನ ಬಾಗಿಲಿಗೆ ಯಾವ ಬಣ್ಣದ ನಾಯಿ ಬರುತ್ತದೆ ಎಂದು ಹೇಳಿ, ಮನೆಯ ಎಮ್ಮೆ ಈದಿತೇ, ಸೇಂಗಾ ಬಡಿದಾಯಿತೇ ಎಂದು ಕೇಳಿ. ಮಗು ಫೋನ್ ಮುಟ್ಟಲು ಒಲ್ಲೆ ಎಂದರೆ ಒತ್ತಾಯ ಬೇಡ. ಸ್ಪೀಕರ್ ಹಾಕಿ ಅಜ್ಜಿಯೇ ಮಾತಾಡಲಿ, ಮಗು ಮೂಲೆಯಲ್ಲಿ ಆಡುತ್ತಲೇ ಅವ್ವನ ದನಿಯನ್ನು ಕೇಳಿಸಿಕೊಳ್ಳುತ್ತದೆ. ಸಿಟ್ಟಿನಿಂದ ಮಾತಾಡದ ಮಗು ಮರೆತ ಮಗುವಲ್ಲ.

ಅಜ್ಜ-ಅಜ್ಜಿಯರು ದಯವಿಟ್ಟು ಎರಡು ಮಾತುಗಳನ್ನು ಬಿಡಬೇಕು. ಒಂದು, "ಹಟ ಮಾಡಿದರ ನಿಮ್ಮವ್ವ ಬರೂದಿಲ್ಲ ನೋಡು" ಎಂಬ ಹೆದರಿಕೆ. ತನ್ನ ತಪ್ಪಿನಿಂದಲೇ ತಂದೆ-ತಾಯಿ ದೂರವಾದರು ಎಂದು ಮಕ್ಕಳು ಮೊದಲೇ ಅಂದುಕೊಂಡಿರುತ್ತಾರೆ, ಈ ಮಾತು ಅದಕ್ಕೆ ಸಾಕ್ಷಿ ಹೇಳಿದಂತಾಗುತ್ತದೆ. ಇನ್ನೊಂದು, ಓಣಿಯ ಹೆಂಗಸರ ಮುಂದೆ "ಪಾಪ, ಅವ್ವ ಇಲ್ಲದ ಕೂಸು" ಎನ್ನುವುದು. ಅವ್ವ ಇದ್ದಾಳೆ, ದುಡಿಯಲು ಹೋಗಿದ್ದಾಳೆ.

ಅಜ್ಜಿ ಮನೆಯಲ್ಲಿ ದಿನಚರಿ ಬದಲಾಗದಿದ್ದರೆ ಅರ್ಧ ಕೆಲಸ ಆದಂತೆ. ಏಳುವ ಹೊತ್ತು, ಸ್ನಾನ, ರೊಟ್ಟಿ, ಶಾಲೆ, ಆಟ, ನಿದ್ದೆ ಒಂದೇ ಕ್ರಮದಲ್ಲಿ ನಡೆಯಲಿ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆಯ ನಿದ್ದೆ ಬೇಕು, ಮೊಬೈಲ್ ಕೈಗೆ ಕೊಟ್ಟು ಸುಮ್ಮನಿರಿಸುವ ಮನೆಗಳಲ್ಲಿ ಮೊದಲು ಕೆಡುವುದು ಇದೇ. ರೊಟ್ಟಿ ಬಡಿಯುವಾಗ ಕೊನೆಯ ಹಿಟ್ಟಿನ ಉಂಡೆಯನ್ನು ಮಗುವಿಗೆ ಕೊಡಿ. ಓರೆಕೋರೆಯಾದ ಅದರ ಪುಟ್ಟ ರೊಟ್ಟಿಯನ್ನೂ ಹಂಚಿನ ಮೇಲೆ ಬೇಯಿಸಿ, ಸೇಂಗಾ ಹಿಂಡಿ ಹಚ್ಚಿ ಅಜ್ಜ ತಿಂದರೆ, ಈ ಮನೆಯಲ್ಲಿ ತನಗೊಂದು ಜಾಗವಿದೆ ಎಂಬುದು ಮಗುವಿಗೆ ಹೇಳದೆಯೇ ತಿಳಿಯುತ್ತದೆ. ಹೆಚ್ಚು ಗಮನ ಬೇಕಾಗುವುದು ಬೇಸಿಗೆ ರಜೆಯಲ್ಲಿ. ಶಾಲೆ ಮುಚ್ಚಿದ ಕೂಡಲೇ ಬಿಸಿಯೂಟ, ಹಾಲು, ಮೊಟ್ಟೆ, ಗೆಳೆಯರು ಎಲ್ಲವೂ ಒಮ್ಮೆಲೇ ನಿಲ್ಲುತ್ತವೆ. ರಾಯಚೂರು ಸೀಮೆಯ ಬಿಸಿಲಿನಲ್ಲಿ ಮಧ್ಯಾಹ್ನ ಹೊರಗೆ ಬಿಡುವಂತೆಯೂ ಇಲ್ಲ. ಓಣಿಯ ನಾಲ್ಕು ಮನೆಯ ಮಕ್ಕಳನ್ನು ಒಂದು ಪಡಸಾಲೆಯಲ್ಲಿ ಚೌಕಾಬಾರ ಆಡಲು ಕೂಡಿಸಿ, ಮಜ್ಜಿಗೆ ಕೊಡಿ, ಬಿಸಿಲು ಇಳಿದ ಮೇಲೆ ಹೊರಗೆ ಬಿಡಿ.

ಮನೆಯ ಹಿರಿಯ ಹುಡುಗಿಯನ್ನು ಎಲ್ಲರೂ ಮರೆಯುತ್ತಾರೆ. ಹನ್ನೆರಡು ವರ್ಷದವಳ ಮೇಲೆ ತಮ್ಮಂದಿರ ಜವಾಬ್ದಾರಿ, ನೀರು, ಅಡುಗೆ ಎಲ್ಲ ಬೀಳುತ್ತದೆ. ಅವಳು ಜಾಣೆ ಎಂದು ಹೊಗಳುತ್ತಲೇ ನಾವು ಅವಳ ಶಾಲೆಯನ್ನು ಕಸಿದುಕೊಳ್ಳುತ್ತೇವೆ. ಅವಳಿಗೂ ದಿನಕ್ಕೊಂದು ತಾಸು ಆಟಕ್ಕೆ, ಓದಿಗೆ ಬಿಡುವು ಕೊಡಿ, ಫೋನಿನಲ್ಲಿ ಅವಳ ಜೊತೆ ಬೇರೆಯಾಗಿ ಮಾತಾಡಿ. ವಯಸ್ಸಿಗೆ ಬರುವ ಹುಡುಗಿಯನ್ನು ಕಾಯುವುದು ಕಷ್ಟ ಎಂಬ ಅಂಜಿಕೆಯಿಂದ ಅಜ್ಜ-ಅಜ್ಜಿಯರು ಮದುವೆಯ ಮಾತು ತೆಗೆದರೆ ಒಪ್ಪಬೇಡಿ. 18 ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ ಕಾನೂನಿನ ಪ್ರಕಾರ ಅಸಿಂಧು. ಅಂಥ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು, ಮಗುವೇ ಮಾಡಬಹುದು. ಮಗುವನ್ನು ಯಾರಾದರೂ ಹೊಡೆಯುತ್ತಿದ್ದರೆ, ಮುಟ್ಟಬಾರದ ರೀತಿಯಲ್ಲಿ ಮುಟ್ಟುತ್ತಿದ್ದರೆ ಅದೇ ಸಂಖ್ಯೆ. ಹೊರಡುವ ಮುಂಚೆ ಅದನ್ನು ಮಗುವಿಗೆ ಬಾಯಿಪಾಠ ಮಾಡಿಸಿ.

ಮೊದಲ ಎರಡು ಮೂರು ವಾರ ಮಗು ಮಂಕಾಗುವುದು, ಸಣ್ಣ ಮಾತಿಗೆ ಅಳುವುದು ಸಹಜ. ಅದಾದ ಮೇಲೂ ಊಟ ಬಿಡುವುದು, ಗೆಳೆಯರಿಂದ ದೂರ ಉಳಿಯುವುದು, ಶಾಲೆಗೆ ಹೊರಡುವ ಹೊತ್ತಿಗೆ ದಿನವೂ ಹೊಟ್ಟೆನೋವು ಎನ್ನುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು ಕಂಡರೆ ಶಾಲೆಯಲ್ಲಿ ತಿಳಿಸಿ, ಆಸ್ಪತ್ರೆಗೆ ತೋರಿಸಿ. ಹಾಸಿಗೆ ಒದ್ದೆ ಮಾಡಿದ್ದಕ್ಕೆ ಬೈಯುವುದು, ತಮ್ಮ-ತಂಗಿಯರ ಮುಂದೆ ನಗುವುದು ಬೇಡವೇ ಬೇಡ. ಸಾಯುವ ಮಾತಾಡಿದರೆ, ಮೈಗೆ ಗಾಯ ಮಾಡಿಕೊಂಡರೆ ಒಂದು ದಿನವೂ ಕಾಯಬೇಡಿ. ಮನೆಯಲ್ಲಿರುವ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿಯನ್ನು ಇಂದೇ ಬೀಗದೊಳಗೆ ಇಡಿ. ಮನಸ್ಸಿನ ಆರೋಗ್ಯಕ್ಕೆಂದೇ ಇರುವ ಸರ್ಕಾರಿ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಸಲಹೆ ಪಡೆಯಬಹುದು, ಈ ಸೇವೆ 2022ರ ಅಕ್ಟೋಬರಿನಿಂದ ಇದೆ. ಮನಸ್ಸಿನ ಕಾಯಿಲೆಗೆ ವೈದ್ಯರ ಬಳಿ ಹೋದರೆ ಊರವರು ಏನೆಂದಾರು ಎಂದು ಹಿಂಜರಿಯುವವರಿಗೆ ನಾನೊಂದು ಸಂಗತಿ ಹೇಳುತ್ತೇನೆ: 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಹಳ್ಳಿಹಳ್ಳಿಗೆ ಮಾನಸಿಕ ಆರೋಗ್ಯ ಸೇವೆ ಮುಟ್ಟಿಸುವ ಪ್ರಯೋಗಕ್ಕೆ ಆರಿಸಿಕೊಂಡದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯನ್ನು. ಅದೇ ಮಾದರಿಯಲ್ಲಿ 1996ರಿಂದ ದೇಶದ ಇತರ ಜಿಲ್ಲೆಗಳಲ್ಲಿಯೂ ಕಾರ್ಯಕ್ರಮ ಶುರುವಾಯಿತು. ಈ ಸೀಮೆಯ ಜನ ಸರ್ಕಾರಿ ದವಾಖಾನೆಗೆ ಹೋಗಿ ಮನಸ್ಸಿಗೆ ಔಷಧ ಪಡೆಯುವುದು ನಿನ್ನೆ ಮೊನ್ನೆಯದಲ್ಲ.

ಮಗುವನ್ನು ಜೊತೆಗೆ ಕರೆದೊಯ್ಯಲು ನಿರ್ಧರಿಸಿದ್ದರೆ ಶಾಲೆಯಿಂದ ವರ್ಗಾವಣೆ ಪತ್ರ ಕೇಳಿ ಪಡೆಯಿರಿ. ಪತ್ರ ತಡವಾದರೂ ಅಲ್ಲಿನ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳಲೇಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ.

ಯುಗಾದಿಗೆ ನೀವು ಬಸ್ಸಿಳಿದು ಬರುವಾಗ ಮಗು ಓಡಿಬಂದು ಅಪ್ಪಿಕೊಳ್ಳುತ್ತದೆ ಎಂದು ನಂಬಿರುತ್ತೀರಿ. ಬಹಳಷ್ಟು ಮಕ್ಕಳು ಹಾಗೆ ಮಾಡುವುದಿಲ್ಲ. ಅಜ್ಜಿಯ ಹಿಂದೆ ನಿಂತು ನೋಡುತ್ತಾರೆ. "ಅವ್ವನ್ನ ಮರ್ತಿಯೇನು?" ಎಂದು ಕೇಳಬೇಡಿ, ಎಳೆದು ಎತ್ತಿಕೊಳ್ಳಬೇಡಿ. ಕೈಕಾಲು ತೊಳೆದುಕೊಂಡು ಅದರ ಹತ್ತಿರವೇ ಕುಳಿತು ತಂದ ಚೀಲವನ್ನು ಬಿಚ್ಚಿ. ಮೊದಲ ಒಂದೆರಡು ರಾತ್ರಿ ಮಗು ಅಜ್ಜಿಯ ಬಳಿಯೇ ಮಲಗಲಿ, ಸ್ನಾನವನ್ನೂ ಅಜ್ಜಿಯೇ ಮಾಡಿಸಲಿ, ನೀವು ಪಕ್ಕದಲ್ಲಿ ನೀರು ಹಾಕಿ ಕೊಡಿ. ನಾಲ್ಕಾರು ದಿನಗಳಲ್ಲಿ ಮಗು ತಾನಾಗಿಯೇ ಹತ್ತಿರ ಬಂದು, ನೀವು ಮತ್ತೆ ಯಾವಾಗ ಹೋಗುತ್ತೀರಿ ಎಂದು ಕೇಳುತ್ತದೆ. ಆಗಲೂ ಕ್ಯಾಲೆಂಡರ್ ತಂದು, ದಿನವನ್ನು ತೋರಿಸಿ.