ಎಪ್ಪತ್ತಕ್ಕೆ ಎಪ್ಪತ್ತು ಬಂದೂ ಫೇಲಾದ ಕ್ವಿಜ್

ಮಧ್ಯಾಹ್ನ ಫಸ್ಟ್ ಶಿಫ್ಟ್ ಬಿಡುವ ಹೊತ್ತಿಗೆ ನನ್ನ ವಾಟ್ಸಾಪಿಗೆ ಒಂದು ಫೋಟೊ ಬಂತು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ನಾನು ಮಾಡಿಕೊಟ್ಟಿದ್ದ ಸುರಕ್ಷತಾ ಕೋರ್ಸಿನ ಕೊನೆಯ ಪರದೆ ಅದು. ‘ಪಾಸಾಗಲು ಬೇಕಾದ ಅಂಕ: 70%. ನಿಮ್ಮ ಅಂಕ: 70%.’ ಅದರ ಕೆಳಗೆ ಕೆಂಪು ಅಕ್ಷರದಲ್ಲಿ ‘ನೀವು ಉತ್ತೀರ್ಣರಾಗಿಲ್ಲ.’

ಫೋಟೊದ ಹಿಂದೆಯೇ ಫೋನ್. ಪಾಂಡವಪುರದ ಕಡೆಯಿಂದ ದಿನಾ ಓಡಾಡುವ ಆಪರೇಟರ್ ಒಬ್ಬರು. “ಮೇಡಂ, ಒಸಿ ನೋಡಿ ಹೇಳಿ. ಎಪ್ಪತ್ತು ಬರ್ಬೇಕು ಅಂತದೆ, ಎಪ್ಪತ್ತೇ ಬಂದದೆ. ಮತ್ತೆ ಫೇಲು ಅಂದ್ರೆ ಹೆಂಗೆ? ನಂದೇನಾರ ತಪ್ಪಾಗದಾ?”

ಅವರದೇನೂ ತಪ್ಪಿರಲಿಲ್ಲ. ಕೋರ್ಸ್ ಬಿಡುಗಡೆಗೆ ಮುಂಚೆ ನಾನು ಸೇರಿಸಿದ್ದ ಕೋಡಿನ ಒಂದೇ ಒಂದು ಸಾಲು ಅವರನ್ನು ಹೀಗೆ ನಿಲ್ಲಿಸಿತ್ತು. ಇ-ಲರ್ನಿಂಗ್ ಕೆಲಸ ಮಾಡುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಎಂದು ಅದನ್ನು ಪೂರ್ತಿ ಬರೆಯುತ್ತಿದ್ದೇನೆ.

ಕೋರ್ಸಿನ ವಿಷಯ ಲಾಕ್‌ಔಟ್–ಟ್ಯಾಗ್‌ಔಟ್. ಯಂತ್ರ ರಿಪೇರಿಗೆ ಕೈ ಹಾಕುವ ಮೊದಲು ಕರೆಂಟ್ ತೆಗೆದು, ಸ್ವಿಚ್ಚಿಗೆ ಬೀಗ ಜಡಿದು, ‘ಕೆಲಸ ನಡೆಯುತ್ತಿದೆ’ ಎಂಬ ಚೀಟಿ ತೂಗುಹಾಕುವ ಪದ್ಧತಿ. ಆನ್‌ಲೈನ್ ಕೋರ್ಸ್ ತಯಾರಿಸುವ ಆರ್ಟಿಕ್ಯುಲೇಟ್ ಸ್ಟೋರಿಲೈನ್ ಎಂಬ ತಂತ್ರಾಂಶದಲ್ಲಿ ಮಾಡಿದ್ದೆ. ಕೊನೆಗೆ 23 ಪ್ರಶ್ನೆಗಳ ಕ್ವಿಜ್, ಎಲ್ಲಕ್ಕೂ ಸಮಾನ ಅಂಕ, ಪಾಸಾಗಲು 70%. ಪ್ರಾಯೋಗಿಕವಾಗಿ ಹತ್ತು ಜನರಿಂದ ಮಾಡಿಸಿದಾಗ 65.22, 73.91 ಎಂದೆಲ್ಲ ಅಂಕ ಬಂದವು. ಕಾರ್ಖಾನೆಯ ತರಬೇತಿ ಅಧಿಕಾರಿ ಕರೆದು ಹೇಳಿದರು: “ನಮ್ಮ ಹುಡುಗರಿಗೆ ಈ ಚುಕ್ಕಿ ಲೆಕ್ಕ ಬೇಡ ಮೇಡಂ. ಅರವತ್ತೈದು, ಎಪ್ಪತ್ನಾಲ್ಕು ಅಂತ ಪೂರ್ತಿ ಸಂಖ್ಯೆ ಬರೋ ಹಾಗೆ ಮಾಡಿ.” ನ್ಯಾಯವಾದ ಕೋರಿಕೆ. ಯಂತ್ರದ ಪಕ್ಕ ನಿಂತು ಟ್ಯಾಬ್ಲೆಟ್ ನೋಡುವವರಿಗೆ ದಶಮಾಂಶದಿಂದ ಏನೂ ಆಗಬೇಕಾದ್ದಿಲ್ಲ.

ಸ್ಟೋರಿಲೈನಿನ ರಿಸಲ್ಟ್ ಸ್ಲೈಡಿನಲ್ಲಿ ‘ರಿಸಲ್ಟ್ಸ್.ಸ್ಕೋರ್‌ಪರ್ಸೆಂಟ್’ ಎಂಬ ವೇರಿಯಬಲ್, ಅಂದರೆ ಬೆಲೆ ತುಂಬಿಡುವ ಹೆಸರಿಟ್ಟ ಡಬ್ಬಿ, ತಾನಾಗಿಯೇ ಇರುತ್ತದೆ. ಅದರ ಹೆಸರನ್ನು ಎರಡು ಶೇಕಡಾ ಚಿಹ್ನೆಗಳ ನಡುವೆ ಬರೆದರೆ ಪರದೆಯ ಮೇಲೆ ಅಂಕ ಮೂಡುತ್ತದೆ. ‘ಇದಾದಾಗ ಇದನ್ನು ಮಾಡು’ ಎಂದು ಹೇಳುವ ಟ್ರಿಗರ್‌ಗಳಲ್ಲಿ ಕೂಡು, ಕಳೆ, ಗುಣಿಸು, ಭಾಗಿಸು ಇದ್ದವು. ರೌಂಡ್ ಮಾಡುವುದಕ್ಕೆ, ಅಂದರೆ ಹತ್ತಿರದ ಪೂರ್ಣ ಸಂಖ್ಯೆಗೆ ತರುವುದಕ್ಕೆ, ಏನೂ ಸಿಗಲಿಲ್ಲ. ಹಾಗಾಗಿ ಬ್ರೌಸರಿನಲ್ಲಿ ನಡೆಯುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟಿನ ಮೊರೆ ಹೋದೆ. ‘ತೋರಿಸುವ ಅಂಕ’ಕ್ಕೆಂದು ಬೇರೆಯೇ ಒಂದು ನಂಬರ್ ವೇರಿಯಬಲ್ ಮಾಡಿ, ಅದರ ಆರಂಭಿಕ ಬೆಲೆ 0 ಇಟ್ಟೆ. ರಿಸಲ್ಟ್ ಸ್ಲೈಡಿಗೆ ಒಂದು ಜಾವಾಸ್ಕ್ರಿಪ್ಟ್ ಟ್ರಿಗರ್ ಸೇರಿಸಿದೆ: ‘ಗೆಟ್‌ಪ್ಲೇಯರ್’ನಿಂದ ಕೋರ್ಸ್ ನಡೆಸುವ ಪ್ಲೇಯರನ್ನು ಹಿಡಿದು, ‘ಗೆಟ್‌ವಾರ್’ನಿಂದ ಶೇಕಡಾ ಅಂಕ ಓದಿ, ‘ಮ್ಯಾತ್.ರೌಂಡ್’ಗೆ ಕೊಟ್ಟು, ಬಂದದ್ದನ್ನು ‘ಸೆಟ್‌ವಾರ್’ನಿಂದ ನನ್ನ ವೇರಿಯಬಲ್ಲಿಗೆ ತುಂಬುವುದು. ಪರದೆಯಲ್ಲಿ ಹಳೆಯ ಹೆಸರು ತೆಗೆದು ನನ್ನದನ್ನು ಹಾಕಿದೆ. ಅಷ್ಟೇ.

ಇಲ್ಲಿ ಎರಡು ಕಡೆ ಎಡವಿದೆ. ಟ್ರಿಗರ್‌ಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನಡೆಯುತ್ತವೆ. ನನ್ನದನ್ನು ಫಲಿತಾಂಶ ಸಲ್ಲಿಸುವ ‘ಸಬ್ಮಿಟ್ ರಿಸಲ್ಟ್ಸ್’ಗಿಂತ ಮೇಲೆ ಇಟ್ಟಿದ್ದರಿಂದ ಎಲ್ಲರಿಗೂ 0 ಬರುತ್ತಿತ್ತು. ಕೆಳಗಿಳಿಸಿದ ಮೇಲೆ ಸರಿಹೋಯಿತು. ಇನ್ನೊಂದು, ಮೊದಲು ‘ಮ್ಯಾತ್.ರೌಂಡ್’ ಬದಲು ‘ಟೂಫಿಕ್ಸೆಡ್’ ಬಳಸಿದ್ದೆ. ಅದು ಕೊಡುವುದು ಸಂಖ್ಯೆಯನ್ನಲ್ಲ, ಸಂಖ್ಯೆಯಂತೆ ಕಾಣುವ ಪಠ್ಯವನ್ನು. ನಂಬರ್ ವೇರಿಯಬಲ್ಲಿಗೆ ಸಂಖ್ಯೆಯನ್ನೇ ಕೊಡಬೇಕು.

ಹೀಗೆ ಎಲ್ಲವೂ ಕಣ್ಣಿಗೆ ಚೆನ್ನಾಗಿ ಕಾಣತೊಡಗಿತು. ಕೋರ್ಸ್ ಬಿಡುಗಡೆಯಾಯಿತು. ನಾಲ್ಕನೇ ದಿನ ಆ ಫೋಟೊ.

ಆ ಆಪರೇಟರ್ 23ರಲ್ಲಿ 16 ಸರಿ ಮಾಡಿದ್ದರು. 16ನ್ನು 23ರಿಂದ ಭಾಗಿಸಿದರೆ 69.57%. ಸ್ಟೋರಿಲೈನ್ ಪಾಸು–ಫೇಲು ನಿರ್ಧರಿಸುವುದು ಈ 69.57ನ್ನು ನೋಡಿ, 70ಕ್ಕಿಂತ ಕಡಿಮೆ, ಹಾಗಾಗಿ ಫೇಲು. ನಾನು ತೋರಿಸಿದ್ದು ಮಾತ್ರ ರೌಂಡ್ ಮಾಡಿದ 70. ತೀರ್ಪು ಕೊಡುವ ಸಂಖ್ಯೆ ಒಂದು, ಮನುಷ್ಯನ ಕಣ್ಣಿಗೆ ಬೀಳುವ ಸಂಖ್ಯೆ ಇನ್ನೊಂದು. ತಾನು ಕಂಡದ್ದನ್ನು ನಂಬಿ ಅವರು ಫೋನ್ ಮಾಡಿದ್ದರು, ಮಾಡಲೇಬೇಕಿತ್ತು.

ಇದೇ ಸಾಲನ್ನು ಹಿಂದೆ ಹಲವು ಕೋರ್ಸುಗಳಿಗೆ ಹಾಕಿದ್ದೆನಲ್ಲ, ಆಗ ಯಾಕೆ ಯಾರೂ ದೂರಲಿಲ್ಲ? ಈ ಪ್ರಶ್ನೆ ರಾತ್ರಿಯೆಲ್ಲ ಕೊರೆಯಿತು. ಕುವೆಂಪುನಗರದ ಮನೆಯಲ್ಲಿ ಕೂತು ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಮಾಡಿದೆ. ಎಡಕ್ಕೆ ಪ್ರಶ್ನೆಗಳ ಸಂಖ್ಯೆ 1ರಿಂದ 60ರವರೆಗೆ, ಮೇಲೆ ಸರಿ ಉತ್ತರಗಳ ಸಂಖ್ಯೆ. ನಿಜವಾದ ಶೇಕಡಾ 70ಕ್ಕಿಂತ ಕಡಿಮೆಯಿದ್ದು, ರೌಂಡ್ ಮಾಡಿದ ಮೇಲೆ 70 ಆಗುವ ಮನೆಗಳಿಗೆ ಮಾತ್ರ ಬಣ್ಣ ಬರುವಂತೆ ಮಾಡಿದೆ. ಮೊದಲ ಬಣ್ಣ ಬಿದ್ದದ್ದು ಎಲ್ಲಿ ಗೊತ್ತೇ? ಸರಿಯಾಗಿ 23ನೇ ಸಾಲಿನಲ್ಲಿ. 22 ಪ್ರಶ್ನೆಗಳವರೆಗೆ 70ರ ಗೆರೆಯ ಬಳಿ ಈ ಗೊಂದಲ ಹುಟ್ಟುವುದೇ ಇಲ್ಲ. ಆಮೇಲೆ 33ರಲ್ಲಿ, 43ರಲ್ಲಿ, 46ರಲ್ಲಿ ಮತ್ತೆ ಬಣ್ಣ. ಪಾಸಿನ ಗೆರೆ 60 ಇದ್ದರೆ ಮೊದಲ ತೊಂದರೆ 42 ಪ್ರಶ್ನೆಗೆ, 80 ಇದ್ದರೆ 44ಕ್ಕೆ, 75 ಇದ್ದರೆ 51ಕ್ಕೆ. ನನ್ನ ಹಿಂದಿನ ಕೋರ್ಸುಗಳಲ್ಲಿ ಹತ್ತೋ ಹನ್ನೆರಡೋ ಹದಿನೈದೋ ಪ್ರಶ್ನೆ ಇರುತ್ತಿದ್ದವು. ತಪ್ಪು ಮೊದಲಿಂದ ಅಲ್ಲೇ ಇತ್ತು, ಅದು ಹೊರಬೀಳುವಷ್ಟು ಪ್ರಶ್ನೆಗಳು ಇರಲಿಲ್ಲ.

ಮರುದಿನ ಕಾರ್ಖಾನೆಗೇ ಹೋದೆ. ವಿಷಯ ಹೇಳಿದಾಗ ತರಬೇತಿ ಅಧಿಕಾರಿ, “ಅರ್ಧ ಪರ್ಸೆಂಟ್ ಅಲ್ವಾ ಮೇಡಂ, ಎಪ್ಪತ್ತು ತೋರಿಸಿದವರನ್ನೆಲ್ಲ ಪಾಸ್ ಮಾಡ್ಬಿಡಿ” ಎಂದರು. ನಾವೆಲ್ಲ ಓದಿದ ಶಾಲೆಗಳಲ್ಲಿ ಮೇಷ್ಟ್ರು ಅರೆ ಅಂಕ ಬಂದರೆ ಪೂರ್ತಿ ಮಾಡಿ ಹಾಕುತ್ತಿದ್ದರು; ಅವರ ಮನಸ್ಸಿನಲ್ಲಿದ್ದದ್ದೂ ಅದೇ ಔದಾರ್ಯ. ನನಗೆ ಒಪ್ಪಿಗೆಯಾಗಲಿಲ್ಲ. ಮೇಷ್ಟ್ರ ಅರೆ ಅಂಕ ಅಂದರೆ ಅರ್ಧ ಸರಿಯಾಗಿ ಬರೆದ ಒಂದು ಉತ್ತರ. ಇಲ್ಲಿ ಅರ್ಧ ಉತ್ತರ ಎಂಬುದೇ ಇಲ್ಲ. 16 ಸರಿ, 7 ತಪ್ಪು, ಅಷ್ಟೇ. ಆ ಏಳರಲ್ಲಿ ‘ಬೀಗ ಹಾಕಿದ ಮೇಲೆ ಸ್ಟಾರ್ಟ್ ಬಟನ್ ಒತ್ತಿ ಪರೀಕ್ಷಿಸಬೇಕೇ?’ ಎಂಬುದೂ ಒಂದು. ಪರೀಕ್ಷಿಸಲೇಬೇಕು, ತಪ್ಪು ಸ್ವಿಚ್ಚಿಗೆ ಬೀಗ ಬಿದ್ದಿದ್ದರೆ ಗೊತ್ತಾಗುವುದು ಆಗಲೇ. ಪ್ರೆಸ್ ಯಂತ್ರದೊಳಗೆ ಕೈ ಇಡುವ ಮನುಷ್ಯನಿಗೆ ಇದು ಗೊತ್ತಿಲ್ಲದಿದ್ದರೆ ನನ್ನ ದಶಮಾಂಶದ ಔದಾರ್ಯ ಅವನ ಬೆರಳನ್ನು ಉಳಿಸುವುದಿಲ್ಲ. ಇದನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಹಾಗಾದ್ರೆ ತೋರಿಸೋದನ್ನ ಸರಿಮಾಡಿ” ಎಂದರು.

ಹಾಗೆ ಪಾಸ್ ಮಾಡದಿರುವುದಕ್ಕೆ ಇನ್ನೊಂದು ತಾಂತ್ರಿಕ ಕಾರಣವೂ ಇತ್ತು. ಕೋರ್ಸ್ ಹೋಗುವುದು ಎಲ್‌ಎಂಎಸ್‌ಗೆ, ಅಂದರೆ ತರಬೇತಿಯ ದಾಖಲೆ ಇಡುವ ತಂತ್ರಾಂಶಕ್ಕೆ; ಅದರೊಡನೆ ಮಾತಾಡುವ ಮಾನದಂಡವಾದ ಸ್ಕಾರ್ಮ್ 1.2ರ ಪ್ಯಾಕೇಜಾಗಿ. ಆ ಮಾನದಂಡದಲ್ಲಿ ಅಂಕಕ್ಕೆ ‘ಸ್ಕೋರ್ ರಾ’ ಎಂಬ ಜಾಗ ಬೇರೆ, ಪಾಸು–ಫೇಲು ಬರೆಯುವ ‘ಲೆಸನ್ ಸ್ಟೇಟಸ್’ ಬೇರೆ. ಪರದೆಯ ಮೇಲಿನ ಸಂಖ್ಯೆಯನ್ನು ನಾನು ಏನೇ ಮಾಡಿದರೂ ಎಲ್‌ಎಂಎಸ್‌ಗೆ ಹೋಗುವ ಈ ಎರಡು ಬದಲಾಗುವುದಿಲ್ಲ. ಆ ಆಪರೇಟರ್ ಹೆಸರಿನ ಮುಂದೆ ಎಲ್‌ಎಂಎಸ್ ವರದಿಯಲ್ಲಿ 69.57 ಎಂದೂ, ಫೇಲು ಎಂದೂ ನೆಟ್ಟಗೆ ಇತ್ತು. ಸುಳ್ಳು ಹೇಳಿದ್ದು ನನ್ನ ಪರದೆ ಒಂದೇ.

ಪರಿಹಾರ ಸರಳ. ‘ಮ್ಯಾತ್.ರೌಂಡ್’ ಇದ್ದ ಕಡೆ ‘ಮ್ಯಾತ್.ಫ್ಲೋರ್’ ಹಾಕಿದೆ. ಇದು ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಸುತ್ತದೆ. 69.57 ಇದ್ದದ್ದು 69 ಆಗುತ್ತದೆ, 73.91 ಇದ್ದದ್ದು 73. ಪಾಸಿನ ಗೆರೆ ಪೂರ್ಣಾಂಕವಾಗಿದ್ದರೆ ಇದರಿಂದ ಎಂದೂ ಗೊಂದಲ ಬರುವುದಿಲ್ಲ: ಇಳಿಸಿದ ಮೇಲೂ 70 ಉಳಿದರೆ ನಿಜವಾದ ಅಂಕ 70 ಅಥವಾ ಹೆಚ್ಚೇ ಇರಬೇಕು. ಪಾಸಾದವರಿಗೆ ಒಂದು ಅಂಕದ ಹತ್ತಿರ ಹತ್ತಿರ ಕಡಿಮೆ ಕಾಣಬಹುದು, ಆದರೆ ಫೇಲಾದವರಿಗೆ ಪಾಸಿನ ಅಂಕ ಕಾಣುವುದಿಲ್ಲ.

ಫ್ಲೋರ್ ಬಳಸುವವರು ಒಂದು ಕಡೆ ಮಾತ್ರ ಎಚ್ಚರ ವಹಿಸಬೇಕು. ಇನ್ನೊಂದು ಕೋರ್ಸ್ ‘ಸ್ಕಾರ್ಮ್ 2004’ ಎಂಬ ಆವೃತ್ತಿಯಲ್ಲಿತ್ತು. ಅಲ್ಲಿ ‘ಸ್ಕೇಲ್ಡ್’ ಅಂಕ -1ರಿಂದ 1ರ ನಡುವೆ ಇರುತ್ತದೆ. 50ಕ್ಕೆ 29 ತೆಗೆದವರದು 0.58. ಅದನ್ನು 100ರಿಂದ ಗುಣಿಸಿ ಫ್ಲೋರ್ ಮಾಡಿದರೆ 58 ಬರಬೇಕಲ್ಲವೇ? ಬಂದದ್ದು 57. ಬ್ರೌಸರಿನ ಕನ್ಸೋಲಿನಲ್ಲಿ 0.58 ಗುಣಿಸು 100 ಎಂದು ಹೊಡೆದು ನೋಡಿ: 57.99999999999999. ಕಂಪ್ಯೂಟರ್ 0.58ನ್ನು ಎರಡರ ಲೆಕ್ಕದಲ್ಲಿ (ಬೈನರಿಯಲ್ಲಿ) ಪೂರ್ತಿ ನಿಖರವಾಗಿ ಇಟ್ಟುಕೊಳ್ಳಲಾರದು, ಕೂದಲೆಳೆಯಷ್ಟು ಕಡಿಮೆ ಬೀಳುತ್ತದೆ. ಫ್ಲೋರ್ ಆ ಕೂದಲೆಳೆಯನ್ನೇ ಹಿಡಿದು ಒಂದು ಅಂಕ ಕಿತ್ತುಕೊಳ್ಳುತ್ತದೆ. ಅಂದಿನಿಂದ ನಾನು ಶೇಕಡಾವನ್ನು ಓದಿ ಇಳಿಸುವುದೇ ಇಲ್ಲ. ಸಿಕ್ಕ ಅಂಕವನ್ನು ‘ಸ್ಕೋರ್‌ಪಾಯಿಂಟ್ಸ್’ನಿಂದ ತೆಗೆದುಕೊಂಡು, ಮೊದಲು 100ರಿಂದ ಗುಣಿಸಿ, ಆಮೇಲೆ ಒಟ್ಟು ಅಂಕದಿಂದ ಭಾಗಿಸಿ, ಕೊನೆಗೆ ಫ್ಲೋರ್. 29 ಗುಣಿಸು 100 ಅಂದರೆ 2900, 50ರಿಂದ ಭಾಗಿಸಿದರೆ 58, ಒಂದು ಎಳೆಯೂ ಹೆಚ್ಚುಕಡಿಮೆ ಇಲ್ಲ. ಈ ಕ್ರಮದ ಬಗ್ಗೆ ನಾನು ಹಟವನ್ನೇ ಹಿಡಿಯುತ್ತೇನೆ; ಜೊತೆಗೆ ಕೆಲಸ ಮಾಡುವ ಹುಡುಗರಿಗೂ ಮೊದಲ ವಾರವೇ ಕಲಿಸುತ್ತೇನೆ.

ಎಕ್ಸೆಲ್ ವರದಿಗಳ ಬಗ್ಗೆ ಒಂದು ಮಾತು. ಕೋಶದ ಫಾರ್ಮ್ಯಾಟ್ ಬದಲಿಸಿ ದಶಮಾಂಶ ಮರೆಮಾಡಿದರೆ 69.57 ಇದ್ದದ್ದು 70 ಎಂದು ಕಾಣುತ್ತದೆ, ಒಳಗಿನ ಬೆಲೆ ಹಾಗೇ ಇರುತ್ತದೆ. ಅಂದರೆ ನಾನು ಪರದೆಯಲ್ಲಿ ಮಾಡಿದ್ದ ಅದೇ ತಪ್ಪು ವರದಿಗೂ ಬಂದ ಹಾಗೆ. ವರದಿಯಲ್ಲಿ ಎರಡು ದಶಮಾಂಶ ಉಳಿಸುವುದೇ ಒಳ್ಳೆಯದು; ಅದನ್ನು ಓದುವವರು ಲೆಕ್ಕ ನೋಡಲೆಂದೇ ಕೂತಿರುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ಸಮಾಧಾನವಾಗಲಿಲ್ಲ. ‘69% ಬಂತು, 70 ಬೇಕಿತ್ತು’ ಎಂದರೆ ಓದಿದವರಿಗೆ ಒಂದು ಅಂಕದಲ್ಲಿ ಹೋಯಿತು ಅನ್ನಿಸುತ್ತದೆ. ನಿಜಕ್ಕೂ ಹೋದದ್ದು ಒಂದು ಪ್ರಶ್ನೆಯಲ್ಲಿ, ಅದರ ಬೆಲೆ 4.35%. ಶೇಕಡಾ ಎಂಬುದೇ ಈ ಚಿಕ್ಕ ಕ್ವಿಜ್‌ಗೆ ದೊಡ್ಡ ಅಂಗಿ. 100ನ್ನು ಸಮವಾಗಿ ಭಾಗಿಸುವ ಸಂಖ್ಯೆಗಳು 10, 20, 25, 50 ಮುಂತಾದವು. ಅಷ್ಟು ಪ್ರಶ್ನೆ ಇಟ್ಟರೆ ದಶಮಾಂಶ ಹುಟ್ಟುವುದೇ ಇಲ್ಲ, ರೌಂಡ್ ಮಾಡುವ ಮಾತೂ ಇಲ್ಲ. ಸುರಕ್ಷತೆಯ ಕೋರ್ಸಿನಲ್ಲಿ ಪ್ರಶ್ನೆ ಕಡಿಮೆ ಮಾಡಲು ಮನಸ್ಸು ಬರಲಿಲ್ಲ. ಎರಡು ಸೇರಿಸಿ 25 ಮಾಡೋಣವೆಂದುಕೊಂಡೆ.

ನಾನು ಕಾರ್ಖಾನೆಗೆ ಹೋದ ದಿನ ಆ ಆಪರೇಟರ್ ಡ್ಯೂಟಿಯಲ್ಲಿದ್ದರು. ಟೀ ಬಿಡುವಿನಲ್ಲಿ ಸಿಕ್ಕರು. ಪರದೆಯಲ್ಲಿ ತಪ್ಪು ಸಂಖ್ಯೆ ತೋರಿಸಿದ್ದಕ್ಕೆ ಕ್ಷಮೆ ಕೇಳಿ, ಇನ್ನೇನು ಕೇಳಬೇಕಿತ್ತು ಈ ಕ್ವಿಜ್‌ನಲ್ಲಿ ಎಂದು ವಿಚಾರಿಸಿದೆ. ಅವರು ಲೋಟ ಕೆಳಗಿಟ್ಟು ಹೇಳಿದರು: “ಕರೆಂಟ್ ತೆಗುದ್ರೂ ಗಾಳಿ ಪ್ರೆಶರ್ ಒಳ್ಗೇ ಇರ್ತದೆ ಮೇಡಂ, ಅದ್ನ ಬುಡ್ಬೇಕು. ಅದ್ಯಾರೂ ಕೇಳಿಲ್ಲ. ಇನ್ನೊಂದು, ಬೀಗ ಹಾಕ್ದೋನು ಶಿಫ್ಟ್ ಮುಗ್ಸಿ ಮನೆಗೋದ್ರೆ ತೆಗೆಯೋರು ಯಾರು?”

ಅವೇ 24ನೇ ಮತ್ತು 25ನೇ ಪ್ರಶ್ನೆಗಳಾದವು. ಪಾಸಾಗಲು ಬೇಕಾದದ್ದನ್ನು ಪರದೆಯಲ್ಲಿ ಈಗ ‘25ಕ್ಕೆ 18 ಸರಿ ಇರಬೇಕು’ ಎಂದು ಬರೆದಿದ್ದೇನೆ. 17 ಅಂದರೆ 68%, 18 ಅಂದರೆ 72%. ನಡುವೆ ಏನೂ ಇಲ್ಲ. ಫ್ಲೋರ್ ಸಾಲು ಹಾಗೇ ಉಳಿದಿದೆ, ನಾಳೆ ಯಾರಾದರೂ ಪ್ರಶ್ನೆ ಸೇರಿಸಿಯಾರು ಎಂದು. ಮುಂದಿನ ವಾರ ಅದೇ ನಂಬರಿನಿಂದ ಇನ್ನೊಂದು ಫೋಟೊ ಬಂತು. ‘25ಕ್ಕೆ 21 ಸರಿ.’ ಹಸಿರು ಅಕ್ಷರ.